ಬಂಗುಡೆಯ ಕಿವಿರಿನೊಳಗೆ

ಬಂಗುಡೆ ಮೀನಿನ ಕಿವಿರಿನ ಮುಚ್ಚಳ ಎತ್ತಿದರೆ ಕೆಲವೊಮ್ಮೆ ಒಳಗೊಂದು ಬಿಳಿಚಿದ ಹುಳ ಕೂತಿರುತ್ತದೆ, ಶೇಂಗಾ ಬೀಜದಷ್ಟು. ಮೀನಿನ ರಕ್ತವೇ ಅದರ ಊಟ. ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡ ದಾರದಂಥವು ಬೇರೆ, ಕಿವಿರಿನ ಎಳೆಗಳಿಗೆ ಕೊಕ್ಕೆ ಹಾಕಿಕೊಂಡ, ಬರಿಗಣ್ಣಿಗೆ ಕಾಣದಂಥವು ಬೇರೆ. ಯಾವುದು ಎಲ್ಲಿ ಮನೆ ಮಾಡುತ್ತದೆ ಎಂಬುದೇ ನನ್ನ ಪಿಎಚ್‌ಡಿ. ಸಮುದ್ರವೇ ಇಲ್ಲದ ಬಾಗಲಕೋಟೆಯಲ್ಲಿ, ಅದೂ ಮೊಟ್ಟೆ ಕೂಡ ಹೊಸಿಲು ದಾಟದ ಲಿಂಗಾಯತರ ಮನೆಯ ಸೊಸೆಗೆ, ಇದೆಂಥ ಹುಚ್ಚು ಅಂತ ನೀವು ಕೇಳಬಹುದು. ನಾನೇ ಬೇಕಾದಷ್ಟು ಸಲ ಕೇಳಿಕೊಂಡಿದ್ದೇನೆ.

ಮೀನು ಕಾರವಾರದಿಂದ ಬರ್ಫದ ಡಬ್ಬಿಯಲ್ಲಿ, ಬಸ್ಸಿನಲ್ಲಿ ಬರುತ್ತಿತ್ತು. ಕಾಲೇಜಿನ ಲ್ಯಾಬಿನಲ್ಲೇ ಕೊಯ್ದು, ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೂ ಅತ್ತೆ ಮೂಗು ಮುರಿಯುತ್ತಿದ್ದರು. "ನಿನ್ನ ಈ ಓದು ಮುಗೀತದೋ ಇಲ್ಲೋ?" ಗಂಡನಿಗೆ ಬಾದಾಮಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬಂದಾಗ ಇಬ್ಬರ ಮಾತಿಗೂ ಹೂಂಗುಟ್ಟಿ ಹೋಗುತ್ತಿದ್ದ. ನಾನು ನಿಶ್ಚಯಿಸಿಬಿಟ್ಟಿದ್ದೆ: ಅತ್ತೆ ಎಂದು 'ಸಾಕು, ಬಿಡು' ಅನ್ನುತ್ತಾರೋ ಅಂದೇ ಬ್ಯಾಗು ಹಿಡಿದು ಇಳಕಲ್ಲಿನ ತವರಿಗೆ ಬಸ್ ಹತ್ತುವುದು. ಆ ಮನೆಯಲ್ಲಿ ಉಸಿರಾಡಲು ನನಗಿದ್ದದ್ದು ಆ ಯೋಚನೆಯೊಂದೇ.

ಒಮ್ಮೆ ಡಬ್ಬಿ ಎರಡನೇ ಶನಿವಾರ ಬಂತು. ಕಾಲೇಜಿಗೆ ಬೀಗ. ಬರ್ಫ ಕರಗುತ್ತಿತ್ತು, ಮೀನು ಕೊಳೆತರೆ ಅಷ್ಟೂ ಕೆಲಸ ಹಾಳು. ಅತ್ತೆ ಹುನಗುಂದಕ್ಕೆ ತಂಗಿಯ ಮನೆಗೆ ಹೋಗಿದ್ದರು. ಧೈರ್ಯ ಮಾಡಿ ಡಬ್ಬಿಯನ್ನು ವಿದ್ಯಾಗಿರಿ ಬಡಾವಣೆಯ ನಮ್ಮ ಮನೆಗೇ ತಂದು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರವಿಕೊಂಡೆ. ಲ್ಯಾಬಿನಲ್ಲಿ ಎಂದೂ ಅನ್ನಿಸದ್ದು ಇಲ್ಲಿ ಅನ್ನಿಸಿತು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಚ್ಚಿ ದೇವರ ಜಗಲಿಯ ಮೇಲಿಟ್ಟು ಬಂದೆ.

ಮಧ್ಯಾಹ್ನಕ್ಕೇ ಅತ್ತೆ ತಿರುಗಿ ಬಂದರು. ಹಿತ್ತಲಿಗೆ ಬಂದಾಗ ಅವರ ಕೈಯಲ್ಲಿ ನನ್ನ ಕರಡಿಗೆಯಿತ್ತು. ಮೀನಿನ ಕಡೆ ನೋಡಲೇ ಇಲ್ಲ.

"ಇದನ್ನ ಯಾಕ ತಗದಿ?"

"ಮೀನ ಮುಟ್ಟತೇನಲ್ರಿ ಅತ್ತಿ, ಮೈಲಿಗಿ ಆಗ್ತದಂತ..."

"ಲಿಂಗಕ್ಕ ಎಲ್ಲೀ ಮೈಲಿಗಿ? ಮೀನ ಮುಟ್ಟಿದ್ದು ಜಳಕಾ ಮಾಡಿದ್ರ ಹೋಗ್ತದ. ಉಸಿರು ಇರೂತನಕಾ ಇದನ್ನ ತಗೀತಾರೇನು?"

ಇನ್ನೇನು 'ಬಿಡು' ಅಂದೇ ಅನ್ನುತ್ತಾರೆ ಎಂದು ನಾನು ಆಗಲೇ ಬ್ಯಾಗಿಗೆ ಏನೇನು ತುಂಬಬೇಕೆಂದು ಲೆಕ್ಕ ಹಾಕುತ್ತಿದ್ದೆ. ಅತ್ತೆ ನನ್ನ ಹಿಂದೆ ಬಂದು ನಿಂತು, ಕರಡಿಗೆಯನ್ನು ತಾವೇ ಕೊರಳಿಗೆ ಕಟ್ಟಿ ಗಂಟು ಬಿಗಿದರು. ಆಮೇಲೆ ಸೆರಗು ಮೂಗಿಗೆ ಹಿಡಿದು, ಕಿವಿರಿನಿಂದ ತೆಗೆದ ಹುಳವನ್ನು ನಾನು ಇಟ್ಟಿದ್ದ ತಟ್ಟೆಯತ್ತ ಬಗ್ಗಿದರು.

"ಇದ್ಯಾಕ ಹಿಂಗ ಸೊಟ್ಟ ಐತಿ?"

"ಸಣ್ಣದಿದ್ದಾಗ ಈಜಿಕೋತ ಬಂದು ಕಿವಿರಾಗ ಸೇರ್ಕೋತದ್ರಿ. ಒಳಗ ಜಾಗಾ ಹೆಂಗದನೋ ಹಂಗ ಮೈ ಬೆಳೀತದ."

"ತಗದು ನೀರಾಗ ಬಿಟ್ರ?"

"ಈಜಾಕ ಬರಂಗಿಲ್ರಿ. ದೊಡ್ಡದಾದ ಮ್ಯಾಲ ಈಜೂ ಶಕ್ತಿನ ಹೋಗಿಬಿಡ್ತದ."

ಅತ್ತೆ ಇನ್ನಷ್ಟು ಬಗ್ಗಿ ನೋಡಿದರು. "ಪಾಪ," ಅಂದರು. "ಮುಗಸು. ಸಾಲಿ ರಜಾ ಇದ್ದಾಗ ಇಲ್ಲೇ ಮಾಡ್ಕೋ. ಕೊರಳಾಗಿಂದು ಮಾತ್ರ ತಗೀಬ್ಯಾಡ. ನಾ ನೀರ ಕಾಸ್ತೇನಿ."

ಖುಷಿಯಾಗಬೇಕಿತ್ತು. ಆಗಲಿಲ್ಲ. ಬೈದಿದ್ದರೆ ಹೋಗಬಹುದಿತ್ತು. ಬಚ್ಚಲಲ್ಲಿ ಅತ್ತೆ ನನ್ನ ಜಳಕಕ್ಕೆ ಒಲೆ ಹಚ್ಚುತ್ತಿದ್ದರು. ಇನ್ನು ಇಳಕಲ್ಲಿಗೆ ಏನು ಹೇಳಿಕೊಂಡು ಹೋಗಲಿ? ಕತ್ತರಿ ಎತ್ತಿಕೊಂಡು ಮುಂದಿನ ಮೀನಿನ ಮುಚ್ಚಳ ತೆರೆದೆ.