ಸಹಿ ಮಾಡಬೇಡ ಅಂದವರು

1983ರಲ್ಲಿ ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟು ಬಿಜಾಪುರದ ಕಡೆಯಿಂದ ಮುಂಬೈ ಹತ್ತಿರದ ಕಳವಾಕ್ಕೆ ಬಂದವನು ನಾನು. ಮೊನ್ನೆ ಝೆರಾಕ್ಸ್ ಅಂಗಡಿಯಲ್ಲಿ ರೇಶನ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸುವಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ನಮ್ಮ ಚಾಳಿನ ಎದುರು ಖೋಲಿಯ ಅಣ್ಣ ನೆನಪಾದರು; ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅವರ ಅಂಗವಿಕಲರ ಸರ್ಟಿಫಿಕೇಟೂ ಹೀಗೇ ಪ್ಲಾಸ್ಟಿಕ್ಕಿನೊಳಗೆ, ಯಾವಾಗಲೂ ಅಂಗಿಯ ಜೇಬಿನಲ್ಲಿ...

ಉಡುಪಿ ಕಡೆಯವರು. ಎಡಗಾಲಿಗೆ ಪೋಲಿಯೋ. ಅಂಗವಿಕಲರ ಕೋಟಾದಲ್ಲಿ ಠಾಣೆಯ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ನಾನೂ ಠಾಣೆಗೇ ಹೋಗುತ್ತಿದ್ದೆ, ಒಂದು ಸರ್ಕಾರಿ ವರ್ಕ್‌ಶಾಪಿನ ತಗಡು ಒತ್ತುವ ಪ್ರೆಸ್ ಮೆಷಿನ್ನಿಗೆ. ಇಬ್ಬರಿಗೂ ಒಂದೇ ಲೋಕಲ್ ರೈಲು. ನಾನು ಬಾಗಿಲಿಗೆ ಜೋತುಬಿದ್ದರೆ ಅವರು ಅಂಗವಿಕಲರ ಡಬ್ಬಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಚಾಳಿನ ನಳದಲ್ಲೂ ಮೊದಲ ನೀರು ಅವರ ಕೊಡಕ್ಕೇ. ಅದು ನಮ್ಮ ಚಾಳಿನ ರೂಢಿ. ಆ ಕೊಡವನ್ನು ಹೊತ್ತು ಕೊಡುತ್ತಿದ್ದವಳು ನನ್ನ ಹೆಂಡತಿ. ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದಿನ ನಳದ ಹತ್ತಿರ ಅಂದೇಬಿಟ್ಟೆ: “ಹುಟ್ಟಿದರ ನಿಮ್ಮಂಗ ಹುಟ್ಟಬೇಕ ನೋಡ್ರಿ ಅಣ್ಣಾರ. ಸೀಟೂ ಸಿಗತೈತಿ, ನೌಕರೀನೂ ಸಿಗತೈತಿ.”

“ಹಾಗಾದ್ರೆ ಕಾಲು ಬದಲಾಯಿಸುವ, ಬಾ ಮಾರಾಯ,” ಅಂದರು ಅವರು. “ಒಂದೇ ಷರತ್ತು, ವಾಪಸು ತಗೊಳ್ಳುದಿಲ್ಲ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

1998ರಲ್ಲಿ ಪ್ರೆಸ್ ನನ್ನ ಎಡಗೈಯ ಎರಡು ಬೆರಳು ತಿಂದಿತು. ಪಟ್ಟಿ ಬಿಚ್ಚುವ ಮೊದಲೇ ಸಾಹೇಬರು ಟೈಪ್ ಮಾಡಿದ ರಾಜೀನಾಮೆ ಕೈಗಿಟ್ಟು, ಮೆಷಿನ್ ನಡೆಸಲಾರದವನಿಗೆ ಇಲ್ಲಿ ಕೆಲಸವಿಲ್ಲ ಅಂದರು. ಸುದ್ದಿ ಕೇಳಿ ಅಣ್ಣ ಸಂಜೆಗೇ ಕಾಲೆಳೆಯುತ್ತ ನಮ್ಮ ಖೋಲಿಗೆ ಬಂದರು.

“ಸಹಿ ಮಾಡ್ಬೇಡ. ಹೊಸ ಕಾಯ್ದೆ ಬಂದಿದೆ. ಸರ್ಕಾರಿ ಕೆಲಸದಲ್ಲಿದ್ದಾಗ ಅಂಗ ಹೋದ್ರೆ ತೆಗೆಯುವ ಹಾಗಿಲ್ಲ, ಬೇರೆ ಕೆಲಸ ಕೊಡ್ಬೇಕು, ಅದೇ ಪಗಾರದಲ್ಲಿ. ನಾಳೆ ದೊಡ್ಡಾಸ್ಪತ್ರೆಗೆ ಹೋಗಿ ಸರ್ಟಿಫಿಕೇಟ್ ಮಾಡಿಸುವ. ನಾನು ರಜೆ ಹಾಕಿದ್ದೇನೆ.”

ಹೆಂಡತಿ ನನ್ನ ಮುಖ ನೋಡಿದಳು. ನನ್ನ ತಲೆಯಲ್ಲಿ ಒಂದೇ ಮಾತು... ಕುಂಟರ ಸಾಲಿನಲ್ಲಿ, ಅದೂ ಇವರ ಬೆನ್ನ ಹಿಂದೆ ನಿಲ್ಲುವುದೇ?

“ಆ ಕಾಗದ ನನಗ ಬ್ಯಾಡ್ರಿ. ನಾ ದುಡದು ತಿನ್ನಾಂವ.”

“ನಾನೂ ದುಡಿದೇ ತಿನ್ನುದು ಮಾರಾಯ,” ಅಂದರು ಮೆಲ್ಲಗೆ. ಚಹಾ ಮುಟ್ಟದೆ ಎದ್ದು ಹೋದರು.

ಮರುದಿನ ಸಹಿ ಮಾಡಿದೆ. ಹೆಬ್ಬೆಟ್ಟಲ್ಲ, ಪೂರಾ ಹೆಸರು.

ಮರುವರ್ಷ ಅದೇ ಪ್ರೆಸ್ಸಿನಲ್ಲಿ ನನ್ನ ಜೋಡಿದಾರನ ಅಂಗೈ ಹೋಯಿತು. ಅವನು ಅಣ್ಣನ ಮಾತು ಕೇಳಿದ. ಸ್ಟೋರಿನಲ್ಲಿ ಕುರ್ಚಿ ಕೊಟ್ಟರು. ಹೋದ ವರ್ಷ ಹಾರ ಹಾಕಿಸಿಕೊಂಡು ರಿಟೈರಾದ. ಸುಳ್ಳೇಕೆ ಹೇಳಲಿ, ಆ ಹಾರ ನೋಡಿಯೂ ಹೊಟ್ಟೆ ಉರಿಯಿತು. ಅಣ್ಣ ರಜೆ ಹಾಕಿದ್ದು ಮೊದಲು ನನಗಾಗಿ...

ಆಮೇಲೆ ಅಣ್ಣ ನವಿ ಮುಂಬೈಯ ನೆರೂಳದಲ್ಲಿ ಫ್ಲ್ಯಾಟ್ ತಗೊಂಡರು. ಸಾಮಾನು ಟೆಂಪೋಗೆ ಏರಿಸಲು ಇಡೀ ಚಾಳು ಕೈಹಚ್ಚಿತು. ನಾನು ಮಾರ್ಕೆಟ್ಟಿನ ನೆಪ ಹೇಳಿ ತಪ್ಪಿಸಿಕೊಂಡೆ. ಅವರು ತೀರಿಹೋದದ್ದು ನನಗೆ ಗೊತ್ತಾಗಿದ್ದು ಹದಿನೈದು ದಿನದ ಮೇಲೆ. ನೀವು ಹೇಳಿದ್ದು ಖರೇ ಇತ್ತು ಅನ್ನಲು ಎಷ್ಟೋ ವರ್ಷ ಇದ್ದವು. ಅನ್ನಲಿಲ್ಲ.

ಈಗ ನನಗಿರುವುದು ಒಂದು ಖೋಲಿ, ಒಂದು ಕಾಯಿಪಲ್ಲೆ ಗಾಡಿ, ನೌಕರಿಗೆ ಹೋಗುವ ಇಬ್ಬರು ಮಕ್ಕಳು, ಎಂಟು ಬೆರಳು. ಪೆನ್ಶನ್ ಇಲ್ಲ.