ಹೀಲಿಯಂ ಕಾವಲಿನ ಶಾಂತಮಲ್ಲಪ್ಪ

ಶಾಂತಮಲ್ಲಪ್ಪನನ್ನು ಚಾಮರಾಜನಗರದಲ್ಲಿ ಎಲ್ಲೂ ಹುಡುಕಬೇಕಾಗಿಲ್ಲ. ಡಾಕ್ಟರ್ ರಘುನಾಥರ ಸ್ಕ್ಯಾನಿಂಗ್ ಸೆಂಟರಿನ ಹಿಂದಕ್ಕೆ ಹೋಗಿ. ಜನರೇಟರಿಗೂ ಕಾಂಪೌಂಡಿಗೂ ನಡುವೆ ತಗಡಿನ ಮಾಡಿನ ಒಂದು ಕೋಣೆಯಿದೆ, ಆಸಾಮಿ ಅಲ್ಲೇ ಇರುತ್ತಾನೆ. ಹಬ್ಬದಲ್ಲಿ ಹೋದರೂ ಅಲ್ಲೇ, ಭಾನುವಾರ ಹೋದರೂ ಅಲ್ಲೇ. ಟೀ ಅಂಗಡಿಯವರು, "ಏನಣ್ಣ, ಆ ಮಿಸೀನಿಗೇ ತಾಳಿ ಕಟ್ಬುಟ್ಟಿದ್ದಯಾ?" ಎಂದು ರೇಗಿಸಿದರೆ ನಗುತ್ತಾನೆ. ಅವನ ಹೆಂಡತಿ ಮಲ್ಲಿಗಮ್ಮನ ಎದುರು ಮಾತ್ರ ಆ ತಮಾಷೆ ಮಾಡಬೇಡಿ, ಅವಳಿಗೆ ನಗು ಬರುವುದಿಲ್ಲ.

ಊರು ಉಮ್ಮತ್ತೂರು. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಪಟ್ಟಣದ ಐಸ್ ಕ್ಯಾಂಡಿ ಫ್ಯಾಕ್ಟರಿ ಸೇರಿದವನು ಅಲ್ಲೇ ಕಂಪ್ರೆಸರ್, ಪಂಪು, ಪೈಪುಗಳ ಸಹವಾಸದಲ್ಲಿ ಬೆಳೆದ. ಫ್ಯಾಕ್ಟರಿ ಮುಚ್ಚಿದ ಮೇಲೆ ಏನು ಮಾಡುವುದೆಂದು ಕೈಕಟ್ಟಿ ಕೂತಿದ್ದಾಗ, ರಘುನಾಥರು ಎಂಆರ್‌ಐ ಮೆಷೀನು ತರಿಸಿದರು. ತಣ್ಣಗಿಡುವ ಕೆಲಸ ಗೊತ್ತಿರುವವನು ಬೇಕು ಎಂದು ಯಾರೋ ಹೇಳಿದ್ದೇ ತಡ, ಹೋಗಿ ನಿಂತ. ಕ್ಯಾಂಡಿ ತಣ್ಣಗಿಟ್ಟವನಿಗೆ ಇದೇನು ಮಹಾ ಎಂದುಕೊಂಡ ಪುಣ್ಯಾತ್ಮ.

ಆ ಮೆಷೀನಿನ ಹೊಟ್ಟೆಯಲ್ಲಿ ತಂತಿ ಸುತ್ತಿದ ದೊಡ್ಡ ಅಯಸ್ಕಾಂತವಿದೆ. ತಂತಿ ದ್ರವರೂಪದ ಹೀಲಿಯಂನಲ್ಲಿ ಮುಳುಗಿ ಕೂತಿದೆ. ಆ ಹೀಲಿಯಂ ಎಷ್ಟು ತಣ್ಣಗೆಂದರೆ, ಅದರ ಮುಂದೆ ನಮ್ಮ ಮಂಜುಗಡ್ಡೆ ಕುದಿಯುವ ಎಸರು. ಅಂಥ ಚಳಿಯಲ್ಲಿ ತಂತಿಗೆ ಕರೆಂಟನ್ನು ತಡೆಯುವ ಗುಣವೇ ಹೋಗಿಬಿಡುತ್ತದೆ. ಒಮ್ಮೆ ಬಿಟ್ಟ ಕರೆಂಟು ಸವೆಯದೆ ಸುತ್ತುತ್ತಲೇ ಇರುತ್ತದೆ, ಅಯಸ್ಕಾಂತ ಅಯಸ್ಕಾಂತವಾಗಿಯೇ ಇರುತ್ತದೆ. ಚಳಿ ತಪ್ಪಿತೋ, ಹೀಲಿಯಂ ಆವಿಯಾಗಿ ಮಾಳಿಗೆಯ ಕೊಳವೆಯಿಂದ ಆಕಾಶ ಸೇರುತ್ತದೆ. ಹಾಗಾಗದಂತೆ ಹಗಲಿರುಳು ತಣಿಸಲು ಒಂದು ಕಂಪ್ರೆಸರ್. ಕಂಪ್ರೆಸರ್ ಬಿಸಿಯೇರದಂತೆ ತಣ್ಣೀರು ಸುತ್ತಿಸಲು ಚಿಲ್ಲರ್ ಎಂಬ ಪೆಟ್ಟಿಗೆ. ಚಿಲ್ಲರಿಗೆ ಕರೆಂಟು, ಕರೆಂಟು ಹೋದರೆ ಜನರೇಟರು. ಇಷ್ಟೆಲ್ಲದರ ಬಾಲಕ್ಕೆ ಕಟ್ಟಿದ್ದು ಶಾಂತಮಲ್ಲಪ್ಪನನ್ನು. ರೋಗಿಗಳು ಬರಲಿ ಬಿಡಲಿ, ಸೆಂಟರಿಗೆ ಬೀಗ ಬಿದ್ದಿರಲಿ, ತಣಿಸುವುದು ನಿಲ್ಲುವಂತಿಲ್ಲ.

ಒಮ್ಮೆ ನಿಂತಿತ್ತು. ಪುಣಜನೂರಿನಲ್ಲಿ ಸೋದರತ್ತೆ ತೀರಿಕೊಂಡಾಗ ಮಣ್ಣಿಗೆ ಹೋದವನು ಮೂರನೇ ದಿನದ ಹಾಲುತುಪ್ಪ ಮುಗಿಸಿಯೇ ಹೊರಟ. ಅಷ್ಟರಲ್ಲಿ ಇಲ್ಲಿ ಕರೆಂಟು ಹೋಗಿತ್ತು, ಜನರೇಟರು ಹಿಡಿದಿರಲಿಲ್ಲ, ಸಾಲು ರಜೆಯಾದ್ದರಿಂದ ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಅವನು ಬಸ್ಸಿಳಿದು ಬಂದಾಗ ಮಾಳಿಗೆಯ ಮೇಲೆ ಬೆಳ್ಳನೆ ಹೊಗೆಯೆದ್ದು, ಬೆಂಕಿ ಬಿತ್ತೆಂದು ಜನ ಕೊಡ ಹಿಡಿದು ನಿಂತಿದ್ದರು. ಮೆಷೀನು ತಿಂಗಳುಗಟ್ಟಲೆ ಮಲಗಿತು. ಡಾಕ್ಟರು ಒಂದು ಮಾತೂ ಬೈಯಲಿಲ್ಲ. "ಇನ್ನು ಇದನ್ನ ನಿಮ್ಮ ಮೇಲೇ ಬಿಟ್ಟಿದ್ದೀನಿ ಶಾಂತಮಲ್ಲಪ್ಪ," ಎಂದರು, ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದ. ಈ ಮಾತು ಮೂಗುದಾರ ಹಾಕಿತು.

ಅಂದಿನಿಂದ ಊರ ಗಡಿ ದಾಟಿದರೆ ಸಾಕು, ಜೀವ ಹಿಂದಕ್ಕೇ ಎಳೆಯುತ್ತಿತ್ತು. ಕುದೇರಿನ ಷಡ್ಡಕನ ಮನೆಗೆ ಊಟಕ್ಕೆ ಹೋದರೂ ಎಲೆಯ ಮುಂದೆ ಕೂತೇ ಫೋನು ಹಚ್ಚಿ, ಕರೆಂಟಿದೆಯಾ ಎಂದು ವಿಚಾರಿಸುತ್ತಿದ್ದ. ಮಗಳು ಭವ್ಯಳ ಮದುವೆಯ ಕಥೆಯಂತೂ ಕೇಳಲೇಬೇಡಿ. ಗುಂಡ್ಲುಪೇಟೆಯ ಛತ್ರದಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಫೋನು ಬಂತು, ಜನರೇಟರಿನ ಬ್ಯಾಟರಿ ಇಳಿದಿದೆ ಎಂದು. ಹೊರಗೆ ನಿಂತು ಕಿರುಚಿ ಕಿರುಚಿ ಹೇಳಿಕೊಟ್ಟು ಒಳಗೆ ಬಂದರೆ, ಅವನ ಬದಲಿಗೆ ಅವನ ಅಣ್ಣನೇ ಧಾರೆಯೆರೆದು ಮುಗಿಸಿದ್ದ. ಆಮೇಲೆ ಯಾರೂ ಅವನನ್ನು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಹೋದ ದಸರೆಗೆ ಭವ್ಯಳ ಸೀಮಂತ ಗೊತ್ತಾಯಿತು. ವಿಜಯದಶಮಿಯ ದಿನ, ಗುಂಡ್ಲುಪೇಟೆಯ ಅತ್ತೆಮನೆಯಲ್ಲಿ. ಅವಳೇ ಫೋನು ಮಾಡಿದಳು.

"ಅಪ್ಪ, ಧಾರೆಗಂತೂ ನಿಂತ್ಕಳಕಾಗ್ನಿಲ್ಲ ನಿಂಗೆ. ತವರಿನ ಸೀರೆನಾದ್ರೂ ನಿನ್ ಕೈಯಿಂದ್ಲೇ ಈಸ್ಕಬೇಕು ನಾನು."

"ಬತ್ತಿನಿ ಕಣಮ್ಮಿ."

"ಬತ್ತಿನಿ ಅಂದ್ರೆ ಸಾಲ್ದು. ಇರ್ತೀನಿ ಅನ್ನು."

"ಇರ್ತೀನಿ ಕಣವ್ವ," ಎಂದ. ಹೇಳುವಾಗ ನಿಜವಾಗಿಯೂ ಇರಬೇಕೆಂದೇ ಇತ್ತು ಅವನಿಗೆ. ಈ ಸಲವೂ ತಪ್ಪಿದರೆ ಮಗಳ ಮುಖ ನೋಡುವುದು ಹೇಗೆಂದು ಭಯವೂ ಇತ್ತು.

ವಾಚ್‌ಮನ್ ರಂಗರಾಜುವನ್ನು ಚಿಲ್ಲರಿನ ಮುಂದೆ ನಿಲ್ಲಿಸಿ, "ಏನೂ ಮುಟ್ಬ್ಯಾಡ ಕಣ್ಲಾ. ಕೆಂಪು ದೀಪ ಬಂದ್ರೆ ಫೋನ್ ಮಾಡು," ಎಂದು ಹೇಳಿದ್ದನ್ನೇ ಹೇಳಿದ. "ನೀ ಓಗಣ್ಣ, ನಾನಿಲ್ವಾ," ಎಂದ ರಂಗರಾಜು. ಶಾಂತಮಲ್ಲಪ್ಪ ಬೆಳಗಿನ ಬಸ್ಸು ಹತ್ತಿದ.

ಗುಂಡ್ಲುಪೇಟೆಯ ಮನೆ ತುಂಬ ನೆಂಟರು. ಹಿಂದಿನ ದಿನವೇ ಬಂದಿದ್ದ ಮಲ್ಲಿಗಮ್ಮ ಗಂಡನನ್ನು ಕಂಡು, ಕಣ್ಣನ್ನೇ ನಂಬದವಳಂತೆ ಎರಡು ಸಲ ನೋಡಿದಳು. ಹಸಿರು ಸೀರೆಯ ತಟ್ಟೆಯನ್ನು ಅವನ ಕೈಗೇ ಕೊಟ್ಟು, "ಇಲ್ಲೇ ಕೂತಿರಿ, ಗಳ್ಗೆ ಬಂದಾಗ ಕರೀತೀನಿ," ಎಂದಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮಗಳು ಒಳಗಿನಿಂದ ಇಣುಕಿ ನಕ್ಕಳು. ಅಷ್ಟು ಹಗುರವಾಗಿ ಅವನು ಕೂತು ವರ್ಷಗಳೇ ಆಗಿದ್ದವು.

ಆಗ ರಂಗರಾಜುವಿನ ಫೋನು ಬಂತು.

"ಅಣ್ಣ, ಮಿಸೀನು ಒಂದೇ ಸಮ ಬಡ್ಕತಾ ಅದೆ. ಕೆಂಪು ದೀಪ ಬಂದದೆ."

"ಏನ್ ಮುಟ್ದೆ?"

"ಏನೂ ಇಲ್ಲ ಕಣಣ್ಣ."

"ಏನ್ ಮುಟ್ದೆ ಯೋಳ್ಲಾ."

"ಪೂಜೆ ಮಾಡ್ದೆ," ಎಂದ ರಂಗರಾಜು, ದನಿ ತಗ್ಗಿಸಿ. "ನೆನ್ನೆ ಆಯುಧ ಪೂಜೇಲಿ ಕಾರ್‌ಗೂ ವೂ ಇಟ್ರು, ಕಂಪ್ಯೂಟರ್‌ಗೂ ಇಟ್ರು, ಇದ್ನ ಯಾರೂ ಕೇಳ್ನಿಲ್ಲ. ವರ್ಸೆಲ್ಲ ದುಡೀತದಲ್ಲ, ವಸಿ ವೊತ್ತು ದಣಿವಾರುಸ್ಕಳ್ಲಿ ಅಂತ ಆಫ್ ಮಾಡ್ದೆ. ತೊಟ್ಟಿ ನೀರ್ನೆಲ್ಲ ಬುಟ್ಟು ತೊಳ್ದೆ. ವೊಸ ನೀರ್ಗೆ ಅರಿಶ್ನ ಕುಂಕುಮ ಆಕಿ ತುಂಬ್ಸಿ ಆನ್ ಮಾಡ್ದೆ."

"ಏಸು ಅರಿಶ್ನ?"

"ಸಾಸ್ತ್ರಕ್ಕೆ ಅಂತ ಒಂದ್ ಪೊಟ್ಣ."

ಭಕ್ತಿಗೇನೂ ಕಡಿಮೆಯಿಲ್ಲ ಮಹರಾಯನಿಗೆ. ಅರಿಶಿನವೆಲ್ಲ ಹೋಗಿ ಫಿಲ್ಟರಿಗೆ ಮೆತ್ತಿಕೊಂಡಿತ್ತು. ನೀರು ಸುತ್ತುವುದು ನಿಂತು ಚಿಲ್ಲರ್ ಕೂತಿತ್ತು, ಹಿಂದೆಯೇ ಕಂಪ್ರೆಸರೂ ಕೂತಿತ್ತು. ಶಾಂತಮಲ್ಲಪ್ಪ ಡಾಕ್ಟರಿಗೆ ಫೋನು ಹಚ್ಚಿದ.

"ಗೊತ್ತಾಯ್ತು ಶಾಂತಮಲ್ಲಪ್ಪ," ಎಂದರು ಡಾಕ್ಟರು, ಸಮಾಧಾನವಾಗಿ. "ಈಗೆಲ್ಲ ಅಲಾರಂ ನೇರವಾಗಿ ಕಂಪನಿಯವರ ಫೋನಿಗೇ ಹೋಗುತ್ತೆ. ಇಂಜಿನಿಯರ್ ಮೈಸೂರು ಬಿಟ್ಟು ಆಗ್ಲೇ ನಂಜನಗೂಡು ದಾಟಿದಾರೆ. ಇವತ್ತೊಂದು ದಿನಕ್ಕೆ ಹೀಲಿಯಂ ಎಲ್ಲೂ ಹೋಗಲ್ಲವಂತೆ. ನೀವು ಬರಬೇಡಿ. ಮಗಳ ಸೀಮಂತ ಮುಗಿಸಿಕೊಂಡು ನಿಧಾನವಾಗಿ ಬನ್ನಿ."

ಬೇರೆ ಯಾರಾದರೂ ಆಗಿದ್ದರೆ ಫೋನು ಜೇಬಿಗಿಟ್ಟು ಪಾಯಸಕ್ಕೆ ಕಾಯುತ್ತಿದ್ದರು. ಶಾಂತಮಲ್ಲಪ್ಪ ಒಂದಿಷ್ಟು ಹೊತ್ತು ಕೂತ, ಇಲ್ಲವೆನ್ನುವಂತಿಲ್ಲ. ಆಮೇಲೆ ತಟ್ಟೆಯನ್ನು ಅಣ್ಣನ ಕೈಗಿಟ್ಟು ಎದ್ದ. ಬಾಗಿಲಲ್ಲಿ ಭವ್ಯ ಅಡ್ಡ ನಿಂತಳು. ಫೋನಿನಲ್ಲಿ ಡಾಕ್ಟರು ಹೇಳಿದ್ದೂ ಅವಳಿಗೆ ಕೇಳಿಸಿತ್ತು.

"ಡಾಕ್ಟ್ರೇ ಬರ್ಬ್ಯಾಡಿ ಅಂದ್ರಲ್ಲಪ್ಪ."

"ಅವ್ರು ಅಂಗೇ ಅಂತಾರೆ ಕಣಮ್ಮಿ. ಆ ಇಂಜಿನಿಯರ್‌ಗೆ ನಮ್ ಮಿಸೀನಿನ ಗುಣ ಏನ್ ಗೊತ್ತು?"

"ಓಗ್ಲೇಬೇಕಾ?"

"ನಾ ಇಲ್ಲಿ ಕೂತ್ರೂ ಪ್ರಾಣ ಅಲ್ಲೇ ಇರ್ತದೆ," ಎಂದ. ಅದು ಸುಳ್ಳಲ್ಲ. ಮಲ್ಲಿಗಮ್ಮ ಅಡುಗೆಮನೆಯಿಂದ ಈಚೆಗೂ ಬರಲಿಲ್ಲ. ಭವ್ಯ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವನು ಹತ್ತಿದ ಚಾಮರಾಜನಗರದ ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಎದುರುಗಡೆ ಗುಂಡ್ಲುಪೇಟೆಯ ಬಸ್ಸು ಬಂದು ನಿಂತಿತು. ಇಳಿದು ಅದನ್ನು ಹತ್ತಿದರೆ ಗಳಿಗೆಗೆ ಸರಿಯಾಗಿ ಮನೆ ಸೇರಬಹುದಿತ್ತು. ಅವನಿಗೂ ಗೊತ್ತಿತ್ತು. ಎದ್ದೂ ನಿಂತ. ಬಾಗಿಲವರೆಗೆ ಹೋಗಿ ಕಂಬಿ ಹಿಡಿದ. ಇಂಜಿನಿಯರ್ ದಾರಿಯಲ್ಲಿ ತಡಮಾಡಿದರೆ, ರಂಗರಾಜು ಇನ್ನೇನಾದರೂ ಮುಟ್ಟಿದರೆ, ಮಾಳಿಗೆಯ ಮೇಲೆ ಮತ್ತೆ ಆ ಬಿಳಿ ಹೊಗೆ ಎದ್ದರೆ ಎಂದು ತಲೆಯಲ್ಲಿ ಒಂದೇ ಸಮ ಓಡುತ್ತಿತ್ತು. "ಇಳೀತೀರಾ ಯಜಮಾನ್ರೇ?" ಎಂದು ಕಂಡಕ್ಟರ್ ಕೇಳಿದ. ಶಾಂತಮಲ್ಲಪ್ಪನ ಕಾಲು ಮುಂದಕ್ಕೆ ಬರಲಿಲ್ಲ. ಆ ಬಸ್ಸು ಹೊರಟುಹೋಯಿತು, ಅವನು ಮತ್ತೆ ಸೀಟಿಗೆ ಬಂದು ಕೂತ.

ಸೆಂಟರಿಗೆ ಬಂದರೆ ಹಿತ್ತಿಲ ಕೋಣೆಯಲ್ಲಿ ಎಲ್ಲ ಎಂದಿನಂತೆ ಓಡುತ್ತಿತ್ತು. ಇಂಜಿನಿಯರ್ ಫಿಲ್ಟರ್ ಬಿಚ್ಚಿ ತೊಳೆದು, ಶುದ್ಧ ನೀರು ತುಂಬಿ, ಹೀಲಿಯಂ ಮಟ್ಟ ನೋಡಿ, ಕೈ ಒರೆಸಿಕೊಳ್ಳುತ್ತಿದ್ದ. ಮೂವತ್ತೂ ದಾಟಿರದ ಹುಡುಗ. "ಏನೂ ತೊಂದರೆಯಿಲ್ಲ ಅಂಕಲ್, ಸಣ್ಣ ಕೆಲಸ," ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟ.

ರಂಗರಾಜು ಪಿಳಿಪಿಳಿ ನೋಡಿದ. "ನೀನ್ಯಾಕಣ್ಣ ಬರಕೋದೆ? ಅವ್ರು ಬಂದ್ರಲ್ಲ."

ಶಾಂತಮಲ್ಲಪ್ಪ ಚಿಲ್ಲರಿನ ಮೇಲೆ ಕೈಯಿಟ್ಟು ನೋಡಿದ. ಮೆಷೀನು ಸರಿಹೋದದ್ದಕ್ಕೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ತಾನು ಬರುವವರೆಗೆ ಕೆಟ್ಟೇ ಇರಬಾರದಿತ್ತೇ ಎಂದು ಒಂದು ಕ್ಷಣ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಮೈಯೆಲ್ಲ ನಾಚಿಕೆಯಾಯಿತು. ತಾನಿಲ್ಲದೆಯೂ ನಡೆಯುವ ಕೆಲಸವೇ ಆಗಿದ್ದರೆ, ಆ ಧಾರೆ, ಅಷ್ಟೊಂದು ಹಬ್ಬ, ಇವತ್ತಿನ ಈ ಗಳಿಗೆ, ಎಲ್ಲವನ್ನೂ ಬಿಟ್ಟುಕೊಟ್ಟಿದ್ದು ಯಾತಕ್ಕೆ? ಸ್ಟೂಲು ಎಳೆದುಕೊಂಡು ಕೂತ.

ಸ್ವಲ್ಪ ಹೊತ್ತಿಗೆ ಭವ್ಯಳ ಫೋನು ಬಂತು. ಹಿಂದೆ ಹೆಂಗಸರ ಗಲಗಲ ಕೇಳಿಸುತ್ತಿತ್ತು.

"ಅಪ್ಪ, ಗಳ್ಗೆ ಮೀರಗಂಟ ಕಾದೋ. ಆಮೇಲೆ ದೊಡ್ಡಪ್ಪನೇ ಸೀರೆ ಕೊಡ್ತು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮಿಸೀನು ಸರಿ ಓಯ್ತಾ?"

"ಊಂ ಕಣವ್ವ."

"ನೀನು ಓಗಿದ್ಕೇ ಸರಿ ಓಯ್ತು ಅಲ್ವಾಪ್ಪ?"

ಶಾಂತಮಲ್ಲಪ್ಪ ರಂಗರಾಜುವಿಗೆ ಬೆನ್ನು ತಿರುಗಿಸಿಕೊಂಡ.

"ಊಂ. ನಾ ಬರ್ದಿದ್ರೆ ಎಲ್ಲ ಓಯ್ತಿತ್ತು," ಎಂದ.

"ಅಂಗಾರೆ ಓಗಿದ್ದೇ ವೊಳ್ಳೆದಾಯ್ತು ಬುಡಪ್ಪ," ಎಂದಳು ಮಗಳು. "ಅಮ್ಮಂಗೂ ಅದ್ನೇ ಯೋಳ್ತೀನಿ."