ಮೂರನೇ ಮೊಳೆಯ ಕಬ್ಬಿಣ

ನಂಬುವವರು ನಂಬಿ, ಬಿಡುವವರು ಬಿಡಿ. ನನಗೆ ಕಥೆ ಕಟ್ಟಲು ಬರುವುದಿಲ್ಲ, ಕಟ್ಟುವ ವಯಸ್ಸೂ ಅಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಲವತ್ತು ವರ್ಷ ಕಮ್ಮಾರನ ಹೆಂಡತಿಯಾಗಿ ಕುಲುಮೆಯ ತಿದಿ ಒತ್ತಿದವಳು ನಾನು. ಕಬ್ಬಿಣದ ವಿಷಯದಲ್ಲಿ ನನ್ನ ಕಿವಿ ಮೋಸ ಹೋಗುವುದಿಲ್ಲ. ಜರ್ಮನಿಯಲ್ಲಿ ನನ್ನ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆದಿದ್ದೇನೆ.

ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಓದಿದವರನ್ನು ಆ ದೇಶದವರು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಹಾಗೆ ಹೋದವಳು ನನ್ನ ಮಗಳು ಸುಜಾತ. ಸಿಂಡೆಲ್‌ಫಿಂಗೆನ್‌ನಲ್ಲಿ ಕೆಲಸ. ಅಳಿಯ ಮಂಜುನಾಥನಿಗೆ ಇನ್ನೂ ಕೆಲಸದ ಪರ್ಮಿಟ್ ಸಿಕ್ಕಿರಲಿಲ್ಲ, ಮನೆಯಲ್ಲಿ ಅಡುಗೆ ಮಾಡಿಕೊಂಡು ಜರ್ಮನ್ ಕಲಿಯುತ್ತಿದ್ದ. ಬಾಣಂತನಕ್ಕೆ ಅಂತ ನಾನು ಹೋದೆ. ಮೂರು ತಿಂಗಳ ವೀಸಾ.

ಇವರಿದ್ದದ್ದು ಅರ್ಧ ಗಂಟೆ ದೂರದ ಒಂದು ಹಳ್ಳಿಯಲ್ಲಿ, ಹಳೇ ಮನೆಯ ಮಹಡಿ ಮೇಲೆ. ಕೆಳಗೆ ಮನೆಯ ಯಜಮಾನ. ಅವನ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಬೀದಿಯ ಮಕ್ಕಳೆಲ್ಲ ಓಪಾ ಅನ್ನುತ್ತಿದ್ದವು, ಅಂದರೆ ತಾತ. ನಾನೂ ಓಪಾ ಅಂದೆ. ನನಗಿಂತ ಹದಿನೈದು ವರ್ಷ ದೊಡ್ಡವನು ಅಷ್ಟೆ.

ಮಗು ಹೆಣ್ಣು. ಹುಟ್ಟಿ ಮೂರು ವಾರವಾದರೂ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ಹತ್ತು ಗಂಟೆಗೆ ಶುರುವಾದ ಅಳು ಬೆಳಗಿನ ಜಾವದ ತನಕ. ಅತ್ತು ಸುಸ್ತಾಗಿ ಹಾಲೂ ಕುಡಿಯದು. ಹೆಬಾಮೆ ಅಂತ ಅಲ್ಲಿ ಮನೆಗೇ ಬರುವ ಸೂಲಗಿತ್ತಿ ಇರುತ್ತಾಳೆ. ಆಕೆ ಮಂಗಳವಾರ ಬಂದು, ಮಗುವನ್ನು ಬಟ್ಟೆಯ ಜೋಲಿಯಲ್ಲಿ ಹಾಕಿ, ತಕ್ಕಡಿಗೆ ತೂಗುಹಾಕಿ ಮುಖ ಸಣ್ಣ ಮಾಡಿದಳು. ಹುಟ್ಟಿದಾಗ ಇದ್ದ ತೂಕವೂ ಇಲ್ಲ. ಶುಕ್ರವಾರದ ಒಳಗೆ ಏರದಿದ್ದರೆ ಆಸ್ಪತ್ರೆಗೆ ಹಾಕಬೇಕು ಅಂದಳು. ಸುಜಾತ ಅಲ್ಲೇ ಕೂತು ಅತ್ತಳು.

ನನಗೆ ಕಾರಣ ಗೊತ್ತಿತ್ತು. ತೊಟ್ಟಿಲಲ್ಲಿ ಕಬ್ಬಿಣ ಇರಲಿಲ್ಲ.

ನಮ್ಮಲ್ಲಿ ಹಸುಗೂಸಿನ ತಲೆದೆಸೆಗೆ ಒಂದು ಕಬ್ಬಿಣ ಇಡದೆ ಮಲಗಿಸುವುದಿಲ್ಲ. ಅದಕ್ಕೇ ನನ್ನ ಅಡಕತ್ತರಿ ತಂದಿದ್ದೆ. ವಿಮಾನ ಹತ್ತುವಾಗ ಕೈಚೀಲದಿಂದ ಅದನ್ನು ಕಿತ್ತುಕೊಂಡರು. ಸರಿ, ಮನೆಯಲ್ಲೇ ಹುಡುಕಿದೆ. ಡ್ರಾಯರು, ಕಪಾಟು, ಬಚ್ಚಲು... ಎಲ್ಲಿ ನೋಡಿದರೂ ಪ್ಲಾಸ್ಟಿಕ್ಕು, ಇಲ್ಲವೇ ಹೊಳೆಯುವ ಸ್ಟೀಲು.

"ಏನ್ ಹುಡುಕ್ತಿದೀಯವ್ವ?" ಸುಜಾತ ಕೇಳಿದಳು.

"ಕಬ್ಬಿಣ ಕಣೆ."

"ಚಾಕು ಇದೆಯಲ್ಲ, ಇಟ್ಕೋ."

"ಅದು ಸ್ಟೀಲು. ಸ್ಟೀಲಿಗೆ ಯಾವ ದೆವ್ವ ಹೆದರುತ್ತೆ?"

ಅಷ್ಟು ಅಳುವಿನ ನಡುವೆಯೂ ಅವಳಿಗೆ ನಗು ಬಂತು.

ಸಂಜೆ ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿದೆ. ಅಲ್ಲಿ ಬಾಡಿಗೆಯವರಿಗೂ ಒಂದು ಗೂಡು ಕೊಟ್ಟಿರುತ್ತಾರೆ. ಆಲೂಗಡ್ಡೆ ಪೆಟ್ಟಿಗೆಗೆ ಕೈ ಹಾಕಿದರೆ ತಣ್ಣಗೆ ಏನೋ ತಾಗಿತು... ಎತ್ತಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಒಂದು ಕಡೆ ಬಾಗಿದ ತುಂಡು, ನಡುವೆ ಎರಡು ತೂತು. ಹಳೇ ಬೀಗದ ಒಡಲಿರಬೇಕು ಅಂದುಕೊಂಡೆ. ಮೂಸಿದೆ. ಕಬ್ಬಿಣವೇ. ಮೈಯೆಲ್ಲ ಅರದಿಂದ ಉಜ್ಜಿದ ಗೀರು, ಮೆಷಿನ್ನಿನದ್ದಲ್ಲ, ಕೈಯದ್ದು. ತೊಳೆದು, ಒರೆಸಿ, ಕುಂಕುಮದ ಬೊಟ್ಟಿಟ್ಟು ತೊಟ್ಟಿಲ ಹಾಸಿಗೆಯ ಕೆಳಗೆ ಸೇರಿಸಿದೆ.

ಮಗು ಮಲಗಿತು. ಹತ್ತಾಯಿತು, ಹನ್ನೊಂದಾಯಿತು. ಅಳಲಿಲ್ಲ.

ಸುಜಾತ ಸತ್ತವಳ ಹಾಗೆ ನಿದ್ದೆ ಹೋದಳು. ನಾನು ತೊಟ್ಟಿಲ ಪಕ್ಕ ನೆಲದ ಮೇಲೆ ಹಾಸಿಕೊಂಡಿದ್ದೆ. ನನಗೆ ನಿದ್ದೆ ಹತ್ತಲಿಲ್ಲ. ಅಲ್ಲಿ ಕಿಟಕಿಯ ಹೊರಪರದೆ ಇಳಿಸಿದರೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಆ ಮಗ್ಗುಲು, ಈ ಮಗ್ಗುಲು... ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಎಲ್ಲೋ ಟಿಕ್ ಅನ್ನುತ್ತಿತ್ತು.

ಆಗ ಕೇಳಿತು.

ಕರ್‍ರ್... ಕರ್‍ರ್... ಕರ್‍ರ್... ಆಮೇಲೆ, ಫೂ.

ಅರ. ಕಬ್ಬಿಣದ ಮೇಲೆ ಚಪ್ಪಟೆ ಅರ. ಮೂರು ಸಲ ಉಜ್ಜಿ, ಪುಡಿ ಹಾರಿಹೋಗಲಿ ಅಂತ ಒಮ್ಮೆ ಊದುವುದು. ಕೆಳಗೆ ಮುದುಕನಿಗೂ ನಿದ್ದೆ ಬಾರದೆ ಏನೋ ಮಾಡುತ್ತಿದ್ದಾನೆ ಅಂದುಕೊಂಡೆ. ಎದ್ದು ನೀರು ಕುಡಿದೆ, ಮತ್ತೆ ಮಲಗಿದೆ. ಬೆಳಗಿನ ಜಾವದ ತನಕ ನಿಲ್ಲಲೇ ಇಲ್ಲ.

ಬೆಳಿಗ್ಗೆ ಓಪಾ ಮೆಟ್ಟಿಲು ಗುಡಿಸುತ್ತಿದ್ದ. "ಮಂಜಣ್ಣ, ರಾತ್ರಿಯೆಲ್ಲ ಏನು ಉಜ್ಜುತಿದ್ದೆ ಅಂತ ಕೇಳಿ ಆ ಮುದುಕಪ್ಪನ್ನ," ಅಂದೆ.

ಅಳಿಯ ಕೇಳಿದ. ಮುದುಕ ತನ್ನ ಎರಡು ಕೈ ಮುಂದೆ ಚಾಚಿ ತೋರಿಸಿದ. ಎರಡೂ ಗಡಗಡ ನಡುಗುತ್ತಿದ್ದವು. ಅರ ಹಿಡಿಯುವ ಕೈಯಲ್ಲ ಅದು. ಆಮೇಲೆ ತಗ್ಗಿದ ದನಿಯಲ್ಲಿ ಏನೋ ಅಂದ.

"ಮೂರು ಸಲ ಉಜ್ಜಿ ಒಂದು ಸಲ ಊದೋ ಸದ್ದಾ ಅಂತ ಕೇಳ್ತಿದಾರೆ ಅತ್ತೆ."

"ಊದಿದ್ದು ನಾನು ನಿಮಗೆ ಹೇಳಿದ್ನಾ?"

"ಇಲ್ಲ. ಅವರೇ ಕೇಳಿದ್ದು."

ಮುದುಕ ನಮ್ಮನ್ನು ನೆಲಮಾಳಿಗೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಬೀಗ ತೆಗೆದಾಗ ಹಳೇ ಎಣ್ಣೆಯ ವಾಸನೆ ಬಂತು, ನಮ್ಮ ಕುಲುಮೆಯದ್ದೇ ವಾಸನೆ. ಗೋಡೆಯಲ್ಲಿ ಹಲಗೆ, ಹಲಗೆಯಲ್ಲಿ ಐದು ಮೊಳೆ, ಮೊಳೆಯ ಕೆಳಗೆ ಒಂದರಿಂದ ಐದು ಅಂಕಿ. ನಾಲ್ಕು ಮೊಳೆಗಳಲ್ಲಿ ಪಿಸ್ತೂಲು. ಮೂರನೇ ಮೊಳೆ ಖಾಲಿ.

ಅವರದು ಪಿಸ್ತೂಲು ಮಾಡುವ ಮನೆತನವಂತೆ. ದೊಡ್ಡದೇನಲ್ಲ. ಅಪ್ಪ, ಚಿಕ್ಕಪ್ಪ, ಇಬ್ಬರು ಆಳು, ಇದೇ ಕೋಣೆ. ಗೋಡೆಯಲ್ಲಿದ್ದದ್ದು ಮೊದಮೊದಲು ಮಾಡಿ ನೋಡಿದ ಮಾದರಿಗಳು. ಒಂದನೆಯದು ಬರೀ ಮರ, ಹಿಡಿ ಕೈಗೆ ಹೇಗೆ ಕೂರುತ್ತದೆ ಅಂತ ನೋಡಲು ಅವನ ತಾತ ಕೆತ್ತಿದ್ದು. ಎರಡನೆಯದು ಒನಕೆಯಂತೆ ಭಾರ, ಗುಂಡು ಒಳಗೇ ಸಿಕ್ಕಿಕೊಳ್ಳುತ್ತಿತ್ತು. ನಾಲ್ಕನೆಯದು ಸರಿ ಬಂತು. ಜೇಬಿನಲ್ಲಿ ಹಿಡಿಸುವಂಥದ್ದು. ಅದಕ್ಕೆ ಮನೆತನದ ಹೆಸರು ಕೊರೆದು ಮಾರಿದರು. ಐದನೆಯದು ಅರ್ಧಕ್ಕೇ ನಿಂತಿತು. ಯುದ್ಧ ಗೆದ್ದವರು ಬಂದು ಮೆಷಿನ್ನುಗಳನ್ನೆಲ್ಲ ಬಿಚ್ಚಿ ಸಾಗಿಸಿದರು. ಆಮೇಲೆ ಹೊಲಿಗೆ ಮೆಷಿನ್ನಿನ ಬಿಡಿಭಾಗ ಮಾಡಿ ಹೊಟ್ಟೆ ಹೊರೆದರು.

"ಮೂರನೇದು?" ಅಂದೆ.

ಮುದುಕ ಆ ಖಾಲಿ ಮೊಳೆ ಮುಟ್ಟಿದ. ಆಮೇಲೆ ಹೇಳಿದ್ದನ್ನು ಅಳಿಯ ತುಂಡು ತುಂಡಾಗಿ ಕನ್ನಡಕ್ಕೆ ತಂದ.

"ಎಲ್ಲಕ್ಕಿಂತ ಚೆನ್ನಾಗಿತ್ತಂತೆ ಅತ್ತೆ ಅದು. ಒಂದೇ ದೋಷ... ಬೆರಳು ಮುಟ್ಟದಿದ್ರೂ ಗುಂಡು ಹಾರೋದಂತೆ. ಇವರಪ್ಪನಿಗೆ ಅದು ಗೊತ್ತಿರ್ಲಿಲ್ಲ. ಊಟದ ಮೇಜಿನ ಮೇಲೆ ಇಟ್ರಂತೆ. ಎದುರಿಗೆ ಇವರ ಅಮ್ಮ ಕೂತಿದ್ರು... ತೊಡೆ ಮೇಲೆ ಮಗು. ಇವರಕ್ಕ. ಗುಂಡು ಆ ಮಗುವಿಗೇ ಬಿತ್ತಂತೆ. ಇವರು ಆಗಿನ್ನೂ ಹುಟ್ಟಿರ್ಲಿಲ್ಲ."



ಅಪ್ಪ ಅದನ್ನು ಕರಗಿಸಲಿಲ್ಲವಂತೆ, ಎಸೆಯಲೂ ಇಲ್ಲ. ದಿನಾ ರಾತ್ರಿ ಅರ ಹಿಡಿದು ಕೂತು ಅದನ್ನು ಸವೆಸಿದ. ಗುಂಡು ಹಾರುವ ನಳಿಕೆ ಹೋಯಿತು, ಬೆರಳಿನಿಂದ ಎಳೆಯುವ ಕುದುರೆ ಹೋಯಿತು. ಅದು ಪೂರ್ತಿ ಇಲ್ಲವಾಗುವ ತನಕ ಏಳುವುದಿಲ್ಲ ಅನ್ನುತ್ತಿದ್ದನಂತೆ. ಓಪಾ ಹುಟ್ಟಿದ ಮೇಲೆ ಅವನ ತೊಟ್ಟಿಲ ಪಕ್ಕವೇ ಕೂತು ಉಜ್ಜುತ್ತಿದ್ದ. ಆ ಸದ್ದಿಲ್ಲದೆ ಓಪಾಗೆ ನಿದ್ದೆಯೇ ಬರುತ್ತಿರಲಿಲ್ಲ. ಯುದ್ಧ ಮುಗಿದ ವರ್ಷ ಅಪ್ಪ ಸತ್ತ. ಆ ತುಂಡೂ ಅವತ್ತಿನಿಂದ ಕಾಣೆ. ಐವತ್ತು ವರ್ಷಕ್ಕಿಂತ ಹೆಚ್ಚು ಹುಡುಕಿದ್ದಾನೆ ಮುದುಕ.

ತೊಟ್ಟಿಲಲ್ಲಿದ್ದದ್ದು ಅದೇ ತುಂಡು. ನಾನು ಕೊಡಬೇಕಿತ್ತು, ಗೊತ್ತು. ಆದರೆ ಅವತ್ತು ಬುಧವಾರ. ಶುಕ್ರವಾರಕ್ಕೆ ಎರಡು ರಾತ್ರಿ ಬಾಕಿ. ಬಾಯಿ ಬಿಡಲಿಲ್ಲ.

ಮೆಟ್ಟಿಲು ಹತ್ತುವಾಗ ಅಳಿಯನನ್ನು ಕೇಳಿದೆ. "ಆ ಆಲೂಗಡ್ಡೆ ಪೆಟ್ಟಿಗೆ ಎಷ್ಟು ದಿನದ್ದು ಮಂಜಣ್ಣ?"

"ಹೋದ ವಾರ ಅಂಗಡಿಯಿಂದ ತಂದಿದ್ದು. ಯಾಕತ್ತೆ?"

"ಏನಿಲ್ಲ. ಮೊಳಕೆ ಬಂದಿದೆ."

ಆ ರಾತ್ರಿ ಪುಟ್ಟ ದೀಪವೊಂದನ್ನು ಉರಿಸಿಕೊಂಡು ಕೂತೇ ಇದ್ದೆ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಏಳುವುದು, ಬಾಗಿಲು ನೋಡುವುದು, ಕೂರುವುದು. ಒಂದು ಗಂಟೆ ದಾಟಿರಬೇಕು... ಮೊದಲು ವಾಸನೆ ಬಂತು. ಎಣ್ಣೆ, ಹೊಗೆಸೊಪ್ಪು, ಬಿಸಿಯಾದ ಕಬ್ಬಿಣ.

ಕರ್‍ರ್... ಕರ್‍ರ್... ಕರ್‍ರ್...

ಸದ್ದು ಕೆಳಗಿನಿಂದ ಬರುತ್ತಿರಲಿಲ್ಲ. ತೊಟ್ಟಿಲಿಂದ.

ಬಗ್ಗಿ ನೋಡಿದೆ. ಮಗು ಎದ್ದಿತ್ತು. ಅಳುತ್ತಿರಲಿಲ್ಲ. ನನ್ನನ್ನೂ ನೋಡುತ್ತಿರಲಿಲ್ಲ. ತೊಟ್ಟಿಲ ಆ ಪಕ್ಕ, ಮನುಷ್ಯ ಕೂತರೆ ಮುಖ ಎಲ್ಲಿರುತ್ತದೋ ಅಲ್ಲಿಗೆ ಕಣ್ಣು ನೆಟ್ಟಿತ್ತು.

ಫೂ.

ಮಗು ಕಣ್ಣು ಪಿಳುಕಿಸಿತು. ಹಣೆಯ ಮೇಲಿನ ಕೂದಲು ಅಲುಗಿತು.

ಕೈ ಹಾಕಿ ಆ ಕಬ್ಬಿಣ ಎಳೆದುಬಿಡೋಣ ಅಂತ ಮುಂದಾದೆ. ಕೈ ಅರ್ಧಕ್ಕೇ ನಿಂತಿತು. ಎಳೆದರೆ ಅಳುತ್ತದೆ. ಅತ್ತರೆ ಹಾಲಿಲ್ಲ, ಆಸ್ಪತ್ರೆ. ಬಿಟ್ಟರೆ... ಬಿಟ್ಟರೆ ಏನು ಅಂತ ಯಾರಿಗೆ ಗೊತ್ತು. ಊರಲ್ಲಿ ಕುಲುಮೆಯ ಮುಂದೆ ನಮ್ಮ ಯಜಮಾನರಿಗೆ ಹೇಳುತ್ತಿದ್ದ ಹಾಗೇ ಹೇಳಿದೆ.

"ಯಾರಪ್ಪ ನೀನು. ಕೂಸು ಮಲಗೋ ಹೊತ್ತು. ಮೆಲ್ಲಗೆ ಉಜ್ಜು."

ಸದ್ದು ನಿಂತಿತು.  ಆಮೇಲೆ ಮತ್ತೆ ಶುರುವಾಯಿತು... ಮೆಲ್ಲಗೆ.

ಮಗುವಿನ ಕಣ್ಣು ಮುಚ್ಚಿತು. ಆಮೇಲೆ ನಾನು ಆ ಕಡೆ ನೋಡಲಿಲ್ಲ.

ಬೆಳಿಗ್ಗೆ ಹಾಸಿಗೆ ಎತ್ತಿದೆ. ಕಬ್ಬಿಣಕ್ಕೆ ನಾನಿಟ್ಟ ಬೊಟ್ಟು ಇರಲಿಲ್ಲ. ಅಲ್ಲಿ ಹೊಸ ಗೀರು, ಬೆಳ್ಳಿಯ ಹಾಗೆ ಫಳಫಳ. ಕೆಳಗಿನ ಬಿಳಿ ಬಟ್ಟೆಯ ಮೇಲೆ ಒಂದು ಚಿಟಿಕೆ ಪುಡಿ ಬಿದ್ದಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ. ಅರದ ಪುಡಿ. ಕುಂಕುಮ ಬೆರೆತು ಕೆಂಪಗಿತ್ತು.

ಗುರುವಾರ ರಾತ್ರಿಯೂ ಅಲ್ಲೇ ಇಟ್ಟೆ. ಗೋಡೆಗೆ ಮುಖ ಮಾಡಿ ಮಲಗಿದೆ. ಸದ್ದು ಬರುತ್ತಲೇ ಇತ್ತು.

ಶುಕ್ರವಾರ ಹೆಬಾಮೆ ತೂಗಿದಳು. ಒಮ್ಮೆ ತೂಗಿ, ನಂಬದೆ ಇನ್ನೊಮ್ಮೆ ತೂಗಿದಳು. ತೂಕ ಏರಿತ್ತು. ಆಸ್ಪತ್ರೆಯ ಮಾತು ಬಿಟ್ಟಳು. ಸುಜಾತ ಮತ್ತೆ ಅತ್ತಳು, ಈ ಸಲ ಬೇರೆ ಅಳು.

ನಾನು ಆ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಅಳಿಯನ ಜೊತೆ ಕೆಳಗೆ ಹೋದೆ. "ನಾನೇ ತಗೊಂಡಿದ್ದೆ ಅಂತ ಹೇಳಿ. ಸುತ್ತಿ ಬಳಸಿ ಹೇಳಬೇಡಿ."

ಮುದುಕ ನಡುಗುವ ಕೈಯಲ್ಲಿ ಅದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹೊಸ ಗೀರಿನ ಮೇಲೆ ಹೆಬ್ಬೆರಳಾಡಿಸಿದ.

"ಮೊದಲು ಇದಕ್ಕಿಂತ ದೊಡ್ಡದಿತ್ತು ಅಂತಿದಾರೆ ಅತ್ತೆ."

ಮೊಳೆಗೆ ಹಾಕುತ್ತಾನೆ ಅಂದುಕೊಂಡೆ. ಹಾಕಲಿಲ್ಲ. ನನ್ನ ಅಂಗೈ ಬಿಡಿಸಿ, ಅದರಲ್ಲಿಟ್ಟು, ಬೆರಳು ಮಡಚಿದ.

"ಅಪ್ಪ ಕೆಲಸ ಮುಗಿಸಲಿ ಅಂತಿದಾರೆ."

ವೀಸಾ ಮುಗಿದು ನಾನು ಊರಿಗೆ ಬಂದೆ. ಮಗಳು ನನ್ನ ಮಾತು ನಂಬಲಿಲ್ಲ, ಆದರೆ ಕಬ್ಬಿಣವನ್ನು ತೆಗೆಯಲೂ ಇಲ್ಲ. ಕೆಲಸ ಬದಲಾಗಿ ಇಂಗೋಲ್‌ಸ್ಟಾಟ್‌ಗೆ ಹೋದಾಗಲೂ ಒಯ್ದಳು. ಪ್ರತಿ ಫೋನಿನಲ್ಲೂ ನಾನು ಕೇಳುವುದು ಒಂದೇ, ಎಷ್ಟಿದೆ? ಬೆಂಕಿಪೆಟ್ಟಿಗೆಯಷ್ಟು ಅಂದಳು ಒಮ್ಮೆ. ಆಮೇಲೆ ಅಡಿಕೆಯಷ್ಟು. ಹೋದ ತಿಂಗಳು, ಹುಣಸೆ ಬೀಜದಷ್ಟು.

ಅದು ಮುಗಿದ ದಿನ ಓಪಾನ ಅಪ್ಪ ಎದ್ದು ಹೋಗುತ್ತಾನೋ? ಇಲ್ಲ, ಉಜ್ಜಲು ಬೇರೇನಾದರೂ ಬೇಕು ಅನ್ನುತ್ತಾನೋ? ಕರೆದು ಕೂರಿಸಿದವಳು ನಾನು. ಕಳಿಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ.

ಮೊನ್ನೆ ಭಾನುವಾರ ಫೋನು ಮಾಡಿದಾಗ ಮೊಮ್ಮಗಳೇ ತೆಗೆದಳು. ಈಗ ಮೂರು ವರ್ಷ, ಅರ್ಧ ಜರ್ಮನ್, ಅರ್ಧ ಕನ್ನಡ.

"ಅಜ್ಜೀ, ಫೆರ್ಟಿಗ್," ಅಂದಳು.

ಹಾಗಂದರೆ ಮುಗಿಯಿತು ಅಂತ. ಅಷ್ಟು ಜರ್ಮನ್ ನನಗೂ ಬರುತ್ತದೆ.

"ಏನು ಮುಗೀತು ಪುಟ್ಟಿ?"

 ನನ್ನ ಕಿವಿಯೊಳಕ್ಕೇ ಬಂದ ಹಾಗೆ, ಫೂ.

ಮಗು ಆಟಕ್ಕೆ ಊದಿತು ಅನ್ನುತ್ತಾಳೆ ಸುಜಾತ. ಮಗುವಿನ ಉಸಿರು ಎಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿಲ್ಲವೇ? ಆದರೆ ಅವನು ಬರುತ್ತಿದ್ದದ್ದು ರಾತ್ರಿ ಮಾತ್ರ.

ಅಲ್ಲಿ ಆಗ ನಡುಮಧ್ಯಾಹ್ನ.